ವಾರ್ಡಿನ ಮೊದಲ ಮೂರು ದಿನ ಕೈತಪ್ಪಿ ಹೋಗದಿರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮೇ 31, ವಿಶ್ವ ತಂಬಾಕು ರಹಿತ ದಿನ ಬಂತೆಂದರೆ ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ, ಕರಪತ್ರ ಹಂಚುತ್ತಾರೆ. ಅದು ನಡೆಯಲಿ. ಆದರೆ ಉಳಿದ ದಿನಗಳಲ್ಲಿ, ಒಳರೋಗಿಗಳ ವಾರ್ಡಿನಲ್ಲಿ, ಬೀಡಿ ಸಿಗರೇಟು ಸೇದುವ ರೋಗಿಯ ಮಂಚದ ಪಕ್ಕದಲ್ಲಿ ಏನು ನಡೆಯಬೇಕು ಎಂಬುದರ ಬಗ್ಗೆ ಮಾತೇ ಇಲ್ಲ. ತಂಬಾಕು ಬಿಡಿಸುವ ಕೆಲಸದಲ್ಲಿರುವ ಆಪ್ತಸಮಾಲೋಚಕರು, ನರ್ಸುಗಳು ಮತ್ತು ಔಷಧ ವಿಭಾಗದವರು ಸೇರಿ ಆ ಬಗ್ಗೆ ಬರೆಯುತ್ತಿದ್ದೇವೆ.

ಎದೆನೋವಿಗೋ ಕಾಲು ಮುರಿದೋ ಕ್ಷಯಕ್ಕೋ ಒಬ್ಬರು ದಾಖಲಾದ ಗಳಿಗೆಯಲ್ಲೇ ಅವರ ಬೀಡಿ ನಿಲ್ಲುತ್ತದೆ. ತಂಬಾಕಿನಲ್ಲಿ ಚಟ ಹಿಡಿಸುವ ಅಂಶವಾದ ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಸಂಜೆ ದಾಖಲಾದವರಲ್ಲಿ ಬೆಳಗಾಗುವಷ್ಟರಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಸಿಡುಕು, ಚಡಪಡಿಕೆ, ನಿದ್ದೆಗೇಡು, ಮನಸ್ಸು ಒಂದೆಡೆ ನಿಲ್ಲದಿರುವುದು, ವಿಪರೀತ ಹಸಿವು, ಎಲ್ಲ ಮೊದಲ ದಿನವೇ ಶುರುವಾಗಿ 2ನೇ, 3ನೇ ದಿನಕ್ಕೆ ತುದಿ ಮುಟ್ಟುತ್ತವೆ. ಆಮೇಲೆ 2ರಿಂದ 4 ವಾರಗಳಲ್ಲಿ ಇಳಿಯುತ್ತವೆ. ಅಂದರೆ ಬಿಡುವವರಿಗೆ ಅತಿ ಕಷ್ಟದ ಮೂರು ದಿನಗಳು ಆಸ್ಪತ್ರೆಯ ಮಂಚದ ಮೇಲೆ, ಹಗಲೂ ರಾತ್ರಿ ನರ್ಸ್ ಇರುವ ಕಡೆಯೇ ಕಳೆಯುತ್ತವೆ. ಸೇದುವವರ ಬದುಕಿನಲ್ಲಿ ಇಂಥ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ.

ಅದನ್ನು ನಾವು ಹೇಗೆ ಬಳಸುತ್ತೇವೆ? ರೌಂಡ್ಸಿನಲ್ಲಿ 'ಬೀಡಿ ಬಿಡಬೇಕು, ಗೊತ್ತಾಯ್ತಾ?' ಎಂಬ ಒಂದು ಮಾತು. ರೋಗಿ ತಲೆಯಾಡಿಸುತ್ತಾರೆ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ಅವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ಒಂದು ಸಾಲು. ಆ ಒಂದು ಮಾತೂ ಎಲ್ಲರಿಗೆ ಸಿಗುವುದಿಲ್ಲ. ಭಾರತದಲ್ಲಿ 2016-17ರಲ್ಲಿ ನಡೆದ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ಹಿಂದಿನ 12 ತಿಂಗಳಲ್ಲಿ ವೈದ್ಯರನ್ನೋ ಆರೋಗ್ಯ ಸಿಬ್ಬಂದಿಯನ್ನೋ ಕಂಡಿದ್ದ ಧೂಮಪಾನಿಗಳಲ್ಲಿ ಬಿಡುವಂತೆ ಸಲಹೆ ಸಿಕ್ಕಿದ್ದು 48.8 ಶೇಕಡ ಮಂದಿಗೆ. ಸಕ್ಕರೆ ಕಾಯಿಲೆಯವರಿಗೆ 'ಸಕ್ಕರೆ ಇಳಿಸಿಕೊಳ್ಳಿ' ಎಂದಷ್ಟೇ ಹೇಳಿ ಮನೆಗೆ ಕಳಿಸುತ್ತೇವೆಯೇ? ಮಾತ್ರೆ ಬರೆಯುತ್ತೇವೆ, ಮತ್ತೆ ಬರಲು ದಿನ ಕೊಡುತ್ತೇವೆ. ತಂಬಾಕಿಗೂ ಅದೇ ಬೇಕು.

ಮೊದಲ ತಪ್ಪು ಕೇಳುವ ರೀತಿಯಲ್ಲೇ ಆಗುತ್ತದೆ. 'ಅಭ್ಯಾಸ ಏನಾದ್ರೂ ಇದೆಯಾ?' ಎಂದರೆ 'ಇಲ್ಲ' ಎಂಬ ಉತ್ತರ ಬರುತ್ತದೆ. 'ಸೇದ್ತೀರಾ?' ಎಂದರೆ 'ಬಿಟ್ಟಿದೀನಿ' ಎನ್ನುತ್ತಾರೆ, ಬಿಟ್ಟಿದ್ದು ಆಂಬುಲೆನ್ಸ್ ಹತ್ತಿದಾಗ. ಅದು ಸುಳ್ಳಲ್ಲ, ಅವರ ಮಟ್ಟಿಗೆ ನಿಜವೇ. ಆದ್ದರಿಂದ ಕೇಸ್‌ಶೀಟಿನಲ್ಲಿ ಇರಬೇಕಾದ ಪ್ರಶ್ನೆ: ಕಳೆದ 30 ದಿನಗಳಲ್ಲಿ ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಇವುಗಳಲ್ಲಿ ಯಾವುದನ್ನಾದರೂ ಬಳಸಿದ್ದೀರಾ? ಒಂದೊಂದನ್ನೂ ಹೆಸರು ಹೇಳಿ ಕೇಳಬೇಕು. ಹೆಂಗಸರನ್ನೂ ಕೇಳಬೇಕು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿ ಅದನ್ನು ತಂಬಾಕಿನ ಲೆಕ್ಕಕ್ಕೇ ಸೇರಿಸುವುದಿಲ್ಲ.

ಹೌದು ಎಂದವರಿಗೆ ಇನ್ನೆರಡು ಪ್ರಶ್ನೆ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ? ದಿನಕ್ಕೆ ಎಷ್ಟು? ಎದ್ದ 5 ನಿಮಿಷದೊಳಗೆ ಆದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, 31ರಿಂದ 60ಕ್ಕೆ 1, ಆಮೇಲಾದರೆ 0. ದಿನಕ್ಕೆ 10ರವರೆಗೆ 0, 11ರಿಂದ 20ಕ್ಕೆ 1, 21ರಿಂದ 30ಕ್ಕೆ 2, ಅದಕ್ಕೂ ಮೇಲೆ 3. ಒಟ್ಟು 6ರಲ್ಲಿ 5 ಅಥವಾ 6 ಬಂದರೆ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿದೆ ಎಂದರ್ಥ. ರೋಗಿ ಕಟ್ಟಿನ ಲೆಕ್ಕ ಹೇಳಿದರೆ ಕಟ್ಟಿನಲ್ಲಿ ಎಷ್ಟು ಬೀಡಿ ಎಂದು ಕೇಳಿ ಬರೆದುಕೊಳ್ಳಬೇಕು. ಬೀಡಿ ಸಣ್ಣದು, ಎಲೆಯದು, ಅಷ್ಟೇನೂ ಅಪಾಯವಿಲ್ಲ ಎಂಬ ನಂಬಿಕೆಗೆ ನಾವೂ ತಲೆದೂಗಬಾರದು. ಬೀಡಿಯ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಬೇಗ ಆರುತ್ತದೆ. ಆರದಂತೆ ಉಳಿಸಿಕೊಳ್ಳಲು ಮತ್ತೆ ಮತ್ತೆ, ಆಳವಾಗಿ ಎಳೆಯಬೇಕಾಗುತ್ತದೆ. ಇಷ್ಟಕ್ಕೆಲ್ಲ 3 ನಿಮಿಷ ಸಾಕು.

ಇನ್ನು ಔಷಧ. ನಿಕೋಟಿನ್ ಬದಲಿ ಚಿಕಿತ್ಸೆ, ಅಂದರೆ ಹೊಗೆಯಿಲ್ಲದೆ ನಿಕೋಟಿನ್ ಮಾತ್ರ ಕೊಡುವ ಜಗಿಯುವ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್ ಮುಂತಾದವು, 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆದರೂ ವಾರ್ಡಿನ ಔಷಧ ಟ್ರಾಲಿಯಲ್ಲಿ ಗಮ್ಮೂ ಇಲ್ಲ, ಪ್ಯಾಚೂ ಇಲ್ಲ ಎಂಬುದು ಸಾಮಾನ್ಯ. ಇದ್ದ ಕಡೆಯೂ ಪೊಟ್ಟಣ ಕೈಗಿತ್ತು 'ಜಗೀರಿ' ಎಂದು ಹೇಳಿ ಮುಗಿಸುತ್ತಾರೆ. ಇಲ್ಲೇ ಚಿಕಿತ್ಸೆ ಕೆಡುವುದು.

ನಿಕೋಟಿನ್ ಗಮ್ ಬಬಲ್‌ಗಮ್ ಅಲ್ಲ. ಸಾಮಾನ್ಯ ಗಮ್ಮಿನಂತೆ ಜಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲೇ ಕರಗುತ್ತದೆ, ಮಿದುಳಿಗೆ ಮುಟ್ಟುವುದು ಸ್ವಲ್ಪ. ರೋಗಿಗೆ ಸಿಗುವುದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. 'ಇದು ನಂಗೆ ಆಗಲ್ಲ' ಎಂದು ಎಸೆಯುತ್ತಾರೆ. ಸರಿಯಾದ ಕ್ರಮ ಹೀಗೆ: ನಿಧಾನವಾಗಿ ಹತ್ತು ಹದಿನೈದು ಸಲ ಜಗಿಯಬೇಕು. ನಾಲಿಗೆಗೆ ಮೆಣಸಿನಂಥ ಚುರುಕು ತಟ್ಟಿದೊಡನೆ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ, ಸುಮಾರು ಒಂದು ನಿಮಿಷಕ್ಕೆ, ಮತ್ತೆ ಕೆಲವು ಸಲ ಜಗಿದು ಇನ್ನೊಂದು ಕೆನ್ನೆಗೆ ಸರಿಸಬೇಕು. ಹೀಗೆ 30 ನಿಮಿಷ. ಹೊಗೆಸೊಪ್ಪು ಒತ್ತಿಟ್ಟು ಅಭ್ಯಾಸವಿರುವವರಿಗೆ 'ಹಾಗೇ ಇಡಿ' ಎಂದರೆ ತಕ್ಷಣ ಹೊಳೆಯುತ್ತದೆ. ಉಳಿದವರಿಗೆ ನರ್ಸ್ ಎದುರಿಗೇ ಒಂದು ಗಮ್ ಕೊಟ್ಟು, ಪೂರ್ತಿ ಅರ್ಧ ಗಂಟೆ ಅಲ್ಲದಿದ್ದರೂ ಮೊದಲ ಐದು ನಿಮಿಷ ನೋಡಬೇಕು.

ಬೆಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾದ್ದು ಕಾಫಿಯ ವಿಚಾರ. ಹೊಗೆಸೊಪ್ಪಿಗೆ ಸುಣ್ಣ ಯಾಕೆ ಸವರುತ್ತಾರೆ? ಬಾಯಿ ಕ್ಷಾರವಾದಷ್ಟೂ ನಿಕೋಟಿನ್ ಒಸಡಿನ ಮೂಲಕ ರಕ್ತಕ್ಕೆ ಬೇಗ ಇಳಿಯುತ್ತದೆ. ಬಾಯಿ ಹುಳಿಯಾದರೆ ಇದರ ತಿರುವುಮುರುವು. ಕಾಫಿ, ನಿಂಬೆ ಪಾನಕ, ಹಣ್ಣಿನ ರಸ, ಸೋಡಾ, ಎಲ್ಲವೂ ಬಾಯನ್ನು ಹುಳಿಯಾಗಿಸುತ್ತವೆ. ಆಸ್ಪತ್ರೆ ಕ್ಯಾಂಟೀನಿನ ಕಾಫಿ ಕುಡಿದು ತಕ್ಷಣ ಗಮ್ ಹಾಕಿಕೊಂಡರೆ ಆ ಗಮ್ ದಂಡ. ಗಮ್‌ಗೆ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿ ಇರುವಷ್ಟು ಹೊತ್ತು ನೀರು ಬಿಟ್ಟು ಬೇರೇನೂ ಬೇಡ. ಬೇಕಿದ್ದರೆ ಬಾಯಿ ಮುಕ್ಕಳಿಸಿ ಸ್ವಲ್ಪ ಕಾಯಬೇಕು.

ಎಷ್ಟು ಗಮ್? ಎದ್ದ 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಮಿನದು, ಆಮೇಲೆ ಸೇದುವವರಿಗೆ 2 ಮಿಲಿಗ್ರಾಮಿನದು. ಮೊದಲ 6 ವಾರ 1ರಿಂದ 2 ಗಂಟೆಗೊಂದು, ದಿನಕ್ಕೆ ಕನಿಷ್ಠ 9. ಮುಂದಿನ 3 ವಾರ 2ರಿಂದ 4 ಗಂಟೆಗೊಂದು, ಕೊನೆಯ 3 ವಾರ 4ರಿಂದ 8 ಗಂಟೆಗೊಂದು. ಒಟ್ಟು 12 ವಾರ. ದಿನಕ್ಕೆ 24 ಮೀರಬಾರದು. ನಾವು ಕಂಡಂತೆ ಮಿತಿ ಮೀರುವವರು ತೀರಾ ಅಪರೂಪ. ದಿನಕ್ಕೆ ಎರಡೋ ಮೂರೋ ಜಗಿದು, ಒಂದು ವಾರಕ್ಕೆ ನಿಲ್ಲಿಸಿ, ಕೆಲಸ ಮಾಡಲಿಲ್ಲ ಎನ್ನುವವರೇ ಹೆಚ್ಚು. ಆಸೆ ಎದ್ದ ಮೇಲೆ ಜಗಿಯುವುದಲ್ಲ, ಗಡಿಯಾರ ನೋಡಿ ಜಗಿಯುವುದು ಎಂದು ಬಿಡಿಸಿ ಹೇಳಬೇಕು.

ಕೃತಕ ದಂತಪಂಕ್ತಿ ಇರುವವರಿಗೆ, ಬಾಯಿ ಹುಣ್ಣಾದವರಿಗೆ, ಬಾಯಿ ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, ಆಪರೇಷನ್‌ಗೆ ಬಾಯಿಗೆ ಏನೂ ಕೊಡದೆ ಇಟ್ಟವರಿಗೆ ಗಮ್ ಹೊಂದುವುದಿಲ್ಲ. ಅವರಿಗೆ ಪ್ಯಾಚ್. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟು ಸೇದುತ್ತಿದ್ದವರಿಗೆ 21 ಮಿಲಿಗ್ರಾಮಿನದು 6 ವಾರ, 14ರದು 2 ವಾರ, 7ರದು 2 ವಾರ. ಅದಕ್ಕಿಂತ ಕಡಿಮೆಯವರಿಗೆ 14ರಿಂದ ಆರಂಭ. ಬೆಳಿಗ್ಗೆ ಸ್ನಾನ ಅಥವಾ ಮೈ ಒರೆಸಿದ ಮೇಲೆ, ಎಣ್ಣೆ ಪೌಡರ್ ಇಲ್ಲದ, ಕೂದಲಿಲ್ಲದ ಒಣ ಚರ್ಮದ ಮೇಲೆ, ತೋಳಿನ ಮೇಲ್ಭಾಗಕ್ಕೋ ಎದೆಗೋ ಅಂಟಿಸಿ ಅಂಗೈಯಿಂದ 10 ಸೆಕೆಂಡ್ ಒತ್ತಬೇಕು. ನಾಳೆ ಬೇರೆ ಜಾಗ, ಇಲ್ಲದಿದ್ದರೆ ತುರಿಕೆ ಬರುತ್ತದೆ. ಅಂಟಿಸಿದ ಕೈ ತೊಳೆಯಬೇಕು. ರಾತ್ರಿ ನಿದ್ದೆ ಕೆಟ್ಟರೆ, ವಿಚಿತ್ರ ಕನಸು ಬಿದ್ದರೆ, ಮಲಗುವ ಮುನ್ನ ತೆಗೆಯಬಹುದು. ತೆಗೆದದ್ದನ್ನು ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಎಸೆಯಬೇಕು, ಮಕ್ಕಳ ಕೈಗೆ ಸಿಗಬಾರದು. ಎಂಆರ್‌ಐಗೆ ಕಳಿಸುವ ಮೊದಲು ಕಡ್ಡಾಯವಾಗಿ ತೆಗೆಯಬೇಕು. ಕೆಲವು ಪ್ಯಾಚುಗಳ ಹಿಂಬದಿಯ ಹಾಳೆಯಲ್ಲಿ ಲೋಹವಿರುತ್ತದೆ, ಅದು ಕಾದು ಚರ್ಮ ಸುಡಬಹುದು. ವಾರ್ಡಿನಿಂದ ಸ್ಕ್ಯಾನಿಂಗ್‌ಗೆ ಹೋಗುವ ಚೀಟಿಯಲ್ಲೇ ಈ ಸಾಲು ಇದ್ದರೆ ಒಳ್ಳೆಯದು. ಹೆಚ್ಚು ಸೇದುತ್ತಿದ್ದವರಿಗೆ ಪ್ಯಾಚ್ ಒಂದೇ ಸಾಲದು. ಪ್ಯಾಚ್ ದಿನವಿಡೀ ನೆಲೆ ಕೊಡುತ್ತದೆ, ಆಸೆ ಉಕ್ಕುವ ಹೊತ್ತಿಗೆ ಮೇಲೊಂದು ಗಮ್. ಎರಡನ್ನೂ ಸೇರಿಸಿ ಕೊಡುವುದು ಒಂದನ್ನೇ ಕೊಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ಖಚಿತವಾಗಿ ಗೊತ್ತಿರುವ ಸಂಗತಿ.

'ಹೃದಯದ ರೋಗಿಗೆ ನಿಕೋಟಿನ್ ಕೊಡುವುದೇ?' ಎಂಬ ಭಯ ಕಿರಿಯ ವೈದ್ಯರಲ್ಲೂ ಇದೆ. ಬೀಡಿಯ ಹೊಗೆಯಲ್ಲಿ ನಿಕೋಟಿನ್ ಒಂದೇ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇದೆ, ಟಾರ್ ಇದೆ, ರಕ್ತ ಹೆಪ್ಪುಗಟ್ಟಿಸುವ ಹಲವು ವಿಷಗಳಿವೆ. ಪ್ಯಾಚ್ ಕೊಡುವುದು ನಿಧಾನವಾಗಿ, ಕಡಿಮೆ ಮಟ್ಟದಲ್ಲಿ, ನಿಕೋಟಿನ್ ಮಾತ್ರ. ಹೃದಯಾಘಾತವಾದ ಮೊದಲ 2 ವಾರ ಮತ್ತು ಹೃದಯದ ಬಡಿತ ತೀರಾ ಏರುಪೇರಾಗಿರುವವರಲ್ಲಿ ಹೃದ್ರೋಗ ತಜ್ಞರು ತೂಗಿ ನೋಡಿ ನಿರ್ಧರಿಸಬೇಕು, ನಿಜ. ಆದರೆ ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮತ್ತೆ ಹಚ್ಚುವ ಬೀಡಿಯನ್ನೂ ಇಡಬೇಕು. ಹೃದಯಾಘಾತದ ನಂತರ ಸೇದುವುದು ಬಿಟ್ಟವರಲ್ಲಿ ಸಾವಿನ ಅಪಾಯ ಮೂರನೇ ಒಂದರಷ್ಟು ಇಳಿಯುತ್ತದೆ. ಮಾತ್ರೆಗಳಿಂದ ಸಿಗುವ ಲಾಭಕ್ಕೆ ಇದೇನೂ ಕಡಿಮೆಯಲ್ಲ.

ತಂಬಾಕು ಬಿಡಿಸಲು ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳೂ ಇವೆ. ಮೂತ್ರಪಿಂಡ ತೀರಾ ದುರ್ಬಲವಾಗಿದ್ದರೆ ಮೊದಲನೆಯದರ ಪ್ರಮಾಣ ಇಳಿಸಬೇಕು. ಮೂರ್ಛೆರೋಗ ಇದ್ದವರಿಗೆ, ಕುಡಿತ ದಿಢೀರನೆ ನಿಂತವರಿಗೆ ಎರಡನೆಯದು ಸಲ್ಲದು. ಇ-ಸಿಗರೇಟು ಬಿಡಿಸುವ ಸಾಧನವೆಂದು ಕೇಳುವವರಿದ್ದಾರೆ. 2019ರ ಕಾಯ್ದೆಯಡಿ ಅದರ ಮಾರಾಟವೇ ದೇಶದಲ್ಲಿ ನಿಷಿದ್ಧ.

ಸೇದುವುದು ನಿಂತಾಗ ಬೇರೆ ಔಷಧಗಳ ಲೆಕ್ಕ ತಪ್ಪುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಾರದ ವಿಷಯ. ಹೊಗೆಯ ಟಾರಿನಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿರುತ್ತವೆ. ಸೇದುವವರಲ್ಲಿ ದಮ್ಮಿಗೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಬೇಗ ಕರಗಿಹೋಗುತ್ತವೆ, ಅದಕ್ಕೆ ತಕ್ಕಂತೆ ಹೆಚ್ಚು ಪ್ರಮಾಣ ಬರೆದಿರುತ್ತಾರೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ಮಂದವಾಗಿ, ಅದೇ ಮಾತ್ರೆ ರಕ್ತದಲ್ಲಿ ಮೇಲೇರುತ್ತದೆ. ನಿಕೋಟಿನ್ ಪ್ಯಾಚ್ ಹಾಕಿದ್ದರೂ ಇದು ತಪ್ಪುವುದಿಲ್ಲ, ಏಕೆಂದರೆ ಕಿಣ್ವವನ್ನು ಚುರುಕಾಗಿಸಿದ್ದು ನಿಕೋಟಿನ್ ಅಲ್ಲ, ಹೊಗೆ. ರಕ್ತ ಹೆಪ್ಪುಗಟ್ಟದಂತೆ ವಾರ್‌ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ) ಕೂಡ ಏರಬಹುದು, ಮೊದಲ ವಾರಗಳಲ್ಲಿ ಪರೀಕ್ಷೆ ಹತ್ತಿರ ಹತ್ತಿರ ಮಾಡಿಸಬೇಕು. ಕೆಫೀನಿಗೂ ಇದೇ ದಾರಿ. ದಿನಕ್ಕೆ ಆರು ಲೋಟ ಕಾಫಿ ಕುಡಿದು ಅರಗಿಸಿಕೊಳ್ಳುತ್ತಿದ್ದವರಿಗೆ ಈಗ ಅದೇ ಆರು ಲೋಟ ಎದೆಬಡಿತ, ಕೈನಡುಕ, ನಿದ್ದೆಗೇಡು ತರುತ್ತದೆ. ಬೀಡಿ ಬಿಟ್ಟದ್ದಕ್ಕೇ ಹೀಗಾಯಿತು ಎಂದುಕೊಳ್ಳುತ್ತಾರೆ. ಕಾಫಿ ಟೀಯನ್ನು ಅರ್ಧಕ್ಕೆ ಇಳಿಸಿ ಎಂದು ಮೊದಲ ದಿನವೇ ಹೇಳಿದರೆ ಸಾಕು.

ಎರಡು ಸಣ್ಣ ತೊಂದರೆಗಳು ಎಷ್ಟೋ ಜನರನ್ನು ಮತ್ತೆ ಬೀಡಿಗೆ ಎಳೆಯುತ್ತವೆ. ಒಂದು, ಬೆಳಗಿನ ಶೌಚ. 'ಬೀಡಿ ಸೇದದೆ ಹೊಟ್ಟೆ ಸರಿಯಾಗಲ್ಲ' ಎಂಬುದು ಕಲ್ಪನೆಯಲ್ಲ. ನಿಕೋಟಿನ್ ಕರುಳನ್ನು ಚುರುಕಾಗಿಸುತ್ತದೆ, ನಿಂತಾಗ ಮಲಬದ್ಧತೆ ಬರುತ್ತದೆ. ಹೆಚ್ಚು ನೀರು, ಬಾಳೆಹಣ್ಣು ಪರಂಗಿ, ಸೊಪ್ಪು ತರಕಾರಿ, ಬೇಕಾದರೆ ರಾತ್ರಿ ಇಸಬ್‌ಗೋಲ್ ಕೊಟ್ಟರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎರಡು, ಕೆಮ್ಮು. ಹೊಗೆಯಿಂದ ಮಲಗಿಹೋಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಎದ್ದು ಕಫವನ್ನು ಮೇಲಕ್ಕೆ ತಳ್ಳಲು ಶುರುಮಾಡುತ್ತವೆ. ಬಿಟ್ಟ ಮೇಲೆ ಕೆಮ್ಮು ಜಾಸ್ತಿಯಾಯಿತು ಎಂದು ಹೆದರುತ್ತಾರೆ. ಮೊದಲೇ ಹೇಳಿಟ್ಟರೆ ಹೆದರುವುದಿಲ್ಲ. ಇದೇ ಎಳೆ ಹಿಡಿದು 'ಆಪರೇಷನ್ ಹತ್ತಿರ ಬಂದಾಗ ಬಿಟ್ಟರೆ ಕಫ ಹೆಚ್ಚಿ ತೊಂದರೆ' ಎಂಬ ಹಳೆಯ ಮಾತೊಂದು ಇನ್ನೂ ಓಡಾಡುತ್ತಿದೆ. ಅದಕ್ಕೆ ಆಧಾರವಿಲ್ಲ. 4 ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದರಲ್ಲಿ, ಉಸಿರಾಟದಲ್ಲಿ ಸ್ಪಷ್ಟ ಲಾಭ. ಒಂದು ದಿನ ಮೊದಲು ಬಿಟ್ಟರೂ ರಕ್ತದ ಕಾರ್ಬನ್ ಮೊನಾಕ್ಸೈಡ್ ಇಳಿದು ಆಮ್ಲಜನಕಕ್ಕೆ ಜಾಗವಾಗುತ್ತದೆ.

ಗೇಟಿನ ಬಳಿಯ ವಿಷಯ. ಕೈಗೆ ಡ್ರಿಪ್ಪಿನ ಸೂಜಿ ಇರುವಂತೆಯೇ ಇಳಿದು ಹೋಗಿ ಸೇದಿ ಬರುವ ರೋಗಿಗಳನ್ನು ನಗರದ ಯಾವುದೇ ದೊಡ್ಡ ಆಸ್ಪತ್ರೆಯ ಎದುರು ಕಾಣಬಹುದು. ಕರ್ನಾಟಕದಲ್ಲಿ 2017ರಿಂದಲೇ ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ, ಆದರೂ ಒಂದೊಂದೇ ಸಿಗುತ್ತದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಿಂದ ಸಾರ್ವಜನಿಕ ಸ್ಥಳದ ದಂಡ 200 ರೂಪಾಯಿಯಿಂದ 1000ಕ್ಕೆ ಏರಿದೆ. ದಂಡ ಇರಲಿ. ಆದರೆ ಔಷಧ ಕೊಡದೆ ದಂಡ ಮಾತ್ರ ಹಾಕಿದರೆ ರೋಗಿ ಗೋಡೆಯ ಮರೆಗೆ ಹೋಗುತ್ತಾರೆ, ಶೌಚಾಲಯದಲ್ಲಿ ಹಚ್ಚುತ್ತಾರೆ, ಇಲ್ಲವೇ ಹೊಗೆ ಬಾರದ ಪೊಟ್ಟಣಕ್ಕೆ ಬದಲಾಗುತ್ತಾರೆ. ಆಮ್ಲಜನಕದ ಪೈಪು ಹಾಕಿಕೊಂಡವರ ಬಳಿ ಕಿಡಿ ಬಿದ್ದರೆ ಬಟ್ಟೆ, ಹಾಸಿಗೆ ಕ್ಷಣದಲ್ಲಿ ಹೊತ್ತುತ್ತವೆ. ಪೈಪು ತೆಗೆದ ಮೇಲೂ ಬಟ್ಟೆಯಲ್ಲಿ ಆಮ್ಲಜನಕ ಕೆಲ ಹೊತ್ತು ನಿಂತಿರುತ್ತದೆ. ಮನೆಗೆ ಆಮ್ಲಜನಕ ಕೊಡುವ ಯಂತ್ರ (ಕಾನ್ಸೆಂಟ್ರೇಟರ್) ಕಳಿಸುವಾಗ ಇದನ್ನು ಮನೆಮಂದಿಗೆಲ್ಲ ಹೇಳಲೇಬೇಕು. ಹಟಹಿಡಿದು 'ನನ್ನ ಮನೆಗೆ ಕಳಿಸಿ' ಎಂದು ಮೂರನೇ ದಿನ ಸಹಿ ಹಾಕಿ ಹೊರಡುವ ರೋಗಿಯನ್ನು ಜಗಳಗಂಟ ಎಂದು ಬರೆಯುವ ಮೊದಲು, ಅವರಿಗೆ ನಿಕೋಟಿನ್ ಕೊಟ್ಟಿದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಡಿಸ್ಚಾರ್ಜ್ ದಿನ ಕೈಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿ 2012ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ ಹೇಳಿದ್ದು ಸ್ಪಷ್ಟವಾಗಿದೆ: ಆಸ್ಪತ್ರೆಯಲ್ಲಿ ಶುರುವಾದ ಸಮಾಲೋಚನೆ ಮನೆಗೆ ಹೋದ ಮೇಲೂ ಕನಿಷ್ಠ 1 ತಿಂಗಳು ಮುಂದುವರಿದರೆ ಬಿಡುವವರ ಪ್ರಮಾಣ 37 ಶೇಕಡದಷ್ಟು ಹೆಚ್ಚುತ್ತದೆ. ಅದಕ್ಕಿಂತ ಕಡಿಮೆ ಮಾಡಿದಲ್ಲಿ ಲಾಭ ಕಂಡುಬರಲಿಲ್ಲ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಗಮ್ಮೋ ಪ್ಯಾಚೋ 4 ವಾರಕ್ಕಾಗುವಷ್ಟು ಬರೆದು ಕೈಗೇ ಕೊಟ್ಟು ಕಳಿಸಬೇಕು, ಬರೆದು ಮಾತ್ರ ಕಳಿಸಿದರೆ ಹತ್ತರಲ್ಲಿ ಎಷ್ಟು ಜನ ಕೊಳ್ಳುತ್ತಾರೆ? ಆಮೇಲೆ 3ನೇ, 7ನೇ, 14ನೇ, 28ನೇ ದಿನ ಫೋನು.

ಫೋನು ಎಂದರೆ ಸುಲಭ ಎನಿಸುತ್ತದೆ. ಫೈಲಿನಲ್ಲಿರುವ ನಂಬರು ಮಗನದ್ದಾಗಿರುತ್ತದೆ, ಆತ ಹಗಲು ಡ್ಯೂಟಿಯಲ್ಲಿರುತ್ತಾನೆ. ಗುರುತಿಲ್ಲದ ನಂಬರನ್ನು ಯಾರೂ ಎತ್ತುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್‌ಗೆ ಮುನ್ನ ರೋಗಿಯ ಮಂಚದ ಬಳಿಯೇ ನಿಂತು ಆಸ್ಪತ್ರೆಯ ನಂಬರನ್ನು ಅವರ ಫೋನಿನಲ್ಲಿ ಹೆಸರು ಹಾಕಿ ಉಳಿಸಬೇಕು, ಎರಡನೆಯ ನಂಬರು ಪಡೆಯಬೇಕು, ಯಾವ ಹೊತ್ತಿಗೆ ಕರೆ ಮಾಡಲಿ ಎಂದು ಕೇಳಿ ಬರೆದುಕೊಳ್ಳಬೇಕು. ಕರೆ ಮಾಡಿದಾಗ 'ಬಿಟ್ಟಿದ್ದೀರಾ ಇಲ್ವಾ?' ಎಂಬ ಪೊಲೀಸ್ ಪ್ರಶ್ನೆ ಬೇಡ. ಗಮ್ ದಿನಕ್ಕೆ ಎಷ್ಟಾಗುತ್ತಿದೆ, ನಿದ್ದೆ ಹೇಗಿದೆ, ಯಾವ ಹೊತ್ತಿಗೆ ಆಸೆ ಏಳುತ್ತದೆ ಎಂದು ಕೇಳಬೇಕು. ಆಸೆ ಎದ್ದರೆ ಸಾಮಾನ್ಯವಾಗಿ 5ರಿಂದ 10 ನಿಮಿಷದಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ನೀರು ಕುಡಿದು, ಎದ್ದು ಓಡಾಡಿ ಕಳೆಯಬೇಕು. ಒಂದು ಸೇದಿಬಿಟ್ಟೆ ಎಂದರೆ ಬೈಯದೆ, ಪ್ಯಾಚ್ ಗಮ್ ನಿಲ್ಲಿಸದೆ ಮುಂದುವರಿಸಲು ಹೇಳಬೇಕು. ಜಾರಿದವರಲ್ಲಿ ಹೆಚ್ಚಿನವರು ಮೊದಲೆರಡು ವಾರಗಳಲ್ಲೇ ಜಾರುತ್ತಾರೆ, ಅದೂ ಟೀ ಅಂಗಡಿಯ ಮುಂದೆ, ಜೊತೆಯವರು ಹಚ್ಚಿದಾಗ. ಆ ಎರಡು ವಾರ ಕಾಫಿ ಮನೆಯಲ್ಲೇ ಆಗಲಿ. ಜೊತೆಗಿರುವ ಅಟೆಂಡರ್ ಸೇದುವವರಾದರೆ ಅವರನ್ನೂ ಅದೇ ಮಾತುಕತೆಗೆ ಕೂರಿಸಬೇಕು. ಪೊಟ್ಟಣ ಒಳಗೆ ಬರುವುದು ಅವರ ಜೇಬಿನಲ್ಲೇ.

ಸಿಬ್ಬಂದಿ ಎಲ್ಲಿದ್ದಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಣ್ಣ ಆಸ್ಪತ್ರೆಗಳು ಈ ನಾಲ್ಕು ಕರೆಗಳನ್ನು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಜೋಡಿಸಬಹುದು. ಕರೆ ಉಚಿತ. ದಕ್ಷಿಣದ ಭಾಷೆಗಳ ಕರೆಗಳನ್ನು ನಮ್ಮದೇ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಆದರೆ ನಂಬರು ಬರೆದುಕೊಟ್ಟರೆ ಸಾಲದು, ಮೊದಲ ಕರೆ ವಾರ್ಡಿನಿಂದಲೇ, ನರ್ಸ್ ಪಕ್ಕದಲ್ಲಿದ್ದಾಗಲೇ ಆಗಬೇಕು. ದೊಡ್ಡ ಆಸ್ಪತ್ರೆಗಳಿಗೆ ಒಬ್ಬ ಪೂರ್ಣಾವಧಿ ಆಪ್ತಸಮಾಲೋಚಕರನ್ನು ನೇಮಿಸುವುದು ಭಾರವಲ್ಲ. ಆರೋಗ್ಯ ಇಲಾಖೆಯಲ್ಲಿ ನಮ್ಮ ಕೋರಿಕೆ ಮೂರೇ: ಸರ್ಕಾರಿ ಆಸ್ಪತ್ರೆಗಳ ಕೇಸ್‌ಶೀಟಿನಲ್ಲಿ ತಂಬಾಕಿನ ಅಂಕಣ ಅಚ್ಚಾಗಿರಲಿ, ಗಮ್ ಮತ್ತು ಪ್ಯಾಚ್ ಒಳರೋಗಿಗಳಿಗೆ ಉಚಿತ ಔಷಧಗಳ ಜೊತೆ ಸಿಗಲಿ, ಡಿಸ್ಚಾರ್ಜ್ ಸಮ್ಮರಿಯ ತಂಬಾಕಿನ ಭಾಗವಾದರೂ ಕನ್ನಡದಲ್ಲಿರಲಿ.

ತಮ್ಮಲ್ಲೂ ಒಂದು ಕೋರಿಕೆ. ಆಸ್ಪತ್ರೆಯ ವಾರ್ಡುಗಳಲ್ಲಿ, ಹೊರರೋಗಿ ವಿಭಾಗದ ಬೆಂಚುಗಳ ಮೇಲೆ ತಮ್ಮ ಪತ್ರಿಕೆ ಕೈಯಿಂದ ಕೈಗೆ ಹೋಗುತ್ತದೆ. ರಕ್ತನಿಧಿ, ಆಂಬುಲೆನ್ಸ್ ನಂಬರುಗಳನ್ನು ಅಚ್ಚು ಹಾಕುವ ಜಾಗದಲ್ಲೇ 1800-11-2356 ಕೂಡ ದಿನವೂ ಇರುವಂತೆ ಮಾಡಿ.

ಇಂತಿ,
ತಂಬಾಕು ಬಿಡಿಸುವ ಕೆಲಸದಲ್ಲಿರುವ ಆಸ್ಪತ್ರೆ ಸಿಬ್ಬಂದಿ
ಬೆಂಗಳೂರು